ಪಡನ್ನಕ್ಕಾಡಿಗೋ, ಶಿವಮೊಗ್ಗಕ್ಕೋ? ಕೃಷಿ ಪದವಿಗೆ ಹೊರಟ ಗಡಿನಾಡಿನ ಹುಡುಗಿಗೆ

ಪ್ರಶ್ನೆ: ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಈಗ ಪ್ಲಸ್ ಟು ಸಯನ್ಸ್ ಮಾಡುತ್ತಿದ್ದೇನೆ. ಮನೆಯಲ್ಲಿ ಎರಡು ಎಕರೆ ಅಡಿಕೆ ತೋಟ, ಜೊತೆಗೆ ಸ್ವಲ್ಪ ತೆಂಗು, ಕರಿಮೆಣಸು ಇದೆ. ಬಿಎಸ್ಸಿ ಅಗ್ರಿ ಮಾಡುವ ಆಸೆ. ‘ಕೊನೆಗೆ ತೋಟಕ್ಕೇ ಬರುವುದಾದರೆ ನಾಲ್ಕು ವರ್ಷ ಯಾಕೆ ಓದಬೇಕು?’ ಎಂದು ಅಪ್ಪ ಕೇಳುತ್ತಾರೆ. ಕೇರಳದಲ್ಲಿ ಓದುವುದು ಒಳ್ಳೆಯದೋ, ಕರ್ನಾಟಕದಲ್ಲೋ? ಓದಿದರೆ ಕೆಲಸ ಸಿಗುತ್ತದಾ? ನನಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಎಂಟ್ರೆನ್ಸ್ ಬರೆಯದೆಯೇ ಹೊರರಾಜ್ಯದ ಖಾಸಗಿ ಕಾಲೇಜಿನಲ್ಲಿ ಸೀಟು ಕೊಡಿಸುತ್ತೇವೆ ಎಂದು ಒಬ್ಬರು ಮನೆಗೆ ಬಂದು ಹೋಗಿದ್ದಾರೆ.

ಉತ್ತರ: ನಿಮ್ಮ ಪ್ರಶ್ನೆಗಳಿಗಿಂತ ನಿಮ್ಮ ಅಪ್ಪನ ಪ್ರಶ್ನೆಯೇ ಗಟ್ಟಿ. ಮೊದಲು ಅದನ್ನು ಮುಗಿಸೋಣ.

ತೋಟ ಮಾಡುವುದು ಹೇಗೆ ಎಂದು ಕೃಷಿ ಕಾಲೇಜಿನಲ್ಲಿ ಕಲಿಸುವುದಿಲ್ಲ. ಕೆಲಸದವರನ್ನು ಹೇಗೆ ಸುಧಾರಿಸಿಕೊಂಡು ಹೋಗಬೇಕು, ಅಡಿಕೆ ಯಾವಾಗ ಕೊಡಬೇಕು, ಯಾವಾಗ ಅಟ್ಟದಲ್ಲೇ ಇಡಬೇಕು, ಮೋಡ ನೋಡಿ ಮದ್ದು ಬಿಡುವುದನ್ನು ಎರಡು ದಿನ ಮುಂದೆ ಹಾಕುವುದೋ ಬೇಡವೋ, ಇದನ್ನೆಲ್ಲ ಅಪ್ಪನ ಹತ್ತಿರವೇ ಕಲಿಯಬೇಕು. ನಾನು ಕೃಷಿ ವಿದ್ಯಾರ್ಥಿಗಳಿಗೆ ಪಾಠ ಮಾಡಿದವನು. ನನ್ನ ವಿದ್ಯಾರ್ಥಿಗಳಲ್ಲಿ ಒಳ್ಳೆಯ ತೋಟಗಾರರಾದವರು ಹೆಚ್ಚುಕಡಿಮೆ ಎಲ್ಲರೂ ತೋಟದ ಮನೆಯಿಂದಲೇ ಬಂದವರು. ಆದ್ದರಿಂದ ತೋಟ ನೋಡಿಕೊಳ್ಳುವುದಷ್ಟೇ ಗುರಿಯಾದರೆ ಅಪ್ಪನ ಮಾತು ಸರಿ, ಪದವಿ ಬೇಕಿಲ್ಲ.

ಹಾಗಾದರೆ ನಾಲ್ಕು ವರ್ಷ ಏನು ಕಲಿಸುತ್ತಾರೆ? ಮಾರ್ಚ್-ಏಪ್ರಿಲಿನಲ್ಲಿ ಪಂಚಾಯತಿಯ ಕೃಷಿ ಕಚೇರಿಗೆ, ಅಂದರೆ ಕೃಷಿ ಭವನಕ್ಕೆ ಬರುವ ಹತ್ತು ಜನರಲ್ಲಿ ನಾಲ್ಕು ಜನ ಹೇಳುವುದು ಒಂದೇ ಮಾತು: ‘ನಳ್ಳಿ (ಎಳೆ ಅಡಿಕೆ) ಬೀಳ್ತಾ ಉಂಟು, ಯಾವ ಮದ್ದು?’ ಕಲಿತವರು ಮದ್ದಿನ ಹೆಸರು ಹೇಳುವ ಮೊದಲು ಬಿದ್ದ ನಳ್ಳಿ ನಾಲ್ಕು ಹೆಕ್ಕಿ ತನ್ನಿ ಎನ್ನುತ್ತಾರೆ. ತೊಟ್ಟಿನ ಎಸಳು ಬಿಡಿಸಿ ಭೂತಕನ್ನಡಿ ಹಿಡಿದಾಗ ಸೂಜಿ ಚುಚ್ಚಿದಂಥ ಕಪ್ಪು ಚುಕ್ಕೆ ಕಂಡರೆ ಅದು ರಸ ಹೀರುವ ತಿಗಣೆಯ ಕೆಲಸ. ನಳ್ಳಿಯಲ್ಲಿ ಗುರುತೇನೂ ಇಲ್ಲದೆ, ಹಿಂಗಾರದ ಕವಲುಗಳು ತುದಿಯಿಂದ ಹಳದಿಯಾಗಿ ಕಂದು ತಿರುಗಿ ಬುಡದ ಕಡೆಗೆ ಒಣಗುತ್ತಾ ಬಂದಿದ್ದರೆ ಅದು ಶಿಲೀಂಧ್ರ. ಎರಡೂ ಇಲ್ಲ, ಆದರೆ ಪಂಪು ಕೆಟ್ಟು ಹದಿನೈದು ದಿನ ನೀರು ಹೋಗಿಲ್ಲ ಎಂದಾದರೆ ಬಿಡಬೇಕಾದ ಮದ್ದೇ ಇಲ್ಲ, ಬೇಕಾದದ್ದು ನೀರು. ಮಳೆ ಹಿಡಿದ ಮೇಲೆ ತೊಟ್ಟಿನ ಹತ್ತಿರ ನೀರು ಕುಡಿದಂಥ ಕಡುಹಸಿರು ಕಲೆ ಬಂದು ಕಾಯಿ ಉದುರಿದರೆ ಅದು ಬೇರೆಯೇ ಕಥೆ, ನಮ್ಮ ಹಳೆಯ ಕೊಳೆರೋಗ. ನಾಲ್ಕಕ್ಕೂ ಒಂದೇ ಡಬ್ಬಿ ತಂದು ಬಿಟ್ಟರೆ ಲಾಭ ಅಂಗಡಿಗೆ ಮಾತ್ರ.

ಗೊಬ್ಬರದ ವಿಷಯವೂ ಹೀಗೆಯೇ. ಒಂದು ಅಡಿಕೆ ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಎಂಬ ಲೆಕ್ಕ ನಿಮ್ಮ ಅಪ್ಪನಿಗೂ ಗೊತ್ತಿರಬಹುದು. ಪೊಟ್ಯಾಷ್ ಯಾಕೆ ಅಷ್ಟು ಹೆಚ್ಚು? ನಮ್ಮ ಮುರಕಲ್ಲು ಮಣ್ಣಿಗೆ ಪೋಷಕಾಂಶ ಹಿಡಿದಿಟ್ಟುಕೊಳ್ಳುವ ಶಕ್ತಿ ಕಡಿಮೆ, ಮೇಲಿಂದ ಈ ಮಳೆ. ಹಾಕಿದ್ದರಲ್ಲಿ ಎಷ್ಟೋ ಪಾಲು ತೊಳೆದು ಹೋಗುತ್ತದೆ. ಈ ಕಾರಣ ತಿಳಿದವರು ಅಷ್ಟನ್ನೂ ಒಂದೇ ಸಲ ಸುರಿಯುವುದಿಲ್ಲ. ಮಣ್ಣು ಹುಳಿಯಾಗಿದ್ದರೆ ಮೊದಲು ಸುಣ್ಣದ ಮಾತೆತ್ತುತ್ತಾರೆ. ಪದವಿಯಿಂದ ಬರುವುದು ಈ ಕಾರಣ ಹುಡುಕುವ ಕಣ್ಣು. ಅದಕ್ಕೆ ಸಂಬಳ ಕೊಡುವವರು ತೋಟದ ಹೊರಗೆ ಇದ್ದಾರೆ: ಸರ್ಕಾರ, ಬ್ಯಾಂಕು, ಕಂಪನಿ, ಸಂಶೋಧನಾ ಸಂಸ್ಥೆ. ಅಪ್ಪನಿಗೆ ಹೀಗೆ ಹೇಳಿ ನೋಡಿ.

ಬೇರೆ ಜಿಲ್ಲೆಯವರಿಗೆ ಬರೆಯುವಾಗ ಬೇಕಾಗದ ಒಂದು ಮಾತನ್ನು ಇಲ್ಲಿ ಸೇರಿಸಲೇಬೇಕು. ಗೇರು ತೋಟಗಳ ಟೀ ಸೊಳ್ಳೆ ಎಂಬ ಕೀಟವನ್ನು ಹತೋಟಿಗೆ ತರಲೆಂದು ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಎಣ್ಮಕಜೆಯ ಸುತ್ತಮುತ್ತ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ್ದು, ಅದರ ನಂತರ ಏನೇನಾಯಿತು ಎನ್ನುವುದು ನಿಮ್ಮ ಊರಿನ ಮಕ್ಕಳಿಗೆ ಹೇಳಿಕೊಡಬೇಕಾದ್ದಿಲ್ಲ. ಸುಪ್ರೀಂ ಕೋರ್ಟು ಅದನ್ನು ದೇಶಾದ್ಯಂತ ತಡೆದದ್ದು 2011ರಲ್ಲಿ. ಕೀಟಶಾಸ್ತ್ರದ ತರಗತಿಯಲ್ಲಿ ‘ಎಷ್ಟು ಕೀಟ ಕಂಡರೆ ಸಿಂಪಡಿಸಬೇಕು, ಎಷ್ಟಿದ್ದರೆ ಸುಮ್ಮನಿರಬೇಕು’ ಎಂಬ ಪಾಠ ಬರುತ್ತದೆ. ಉಳಿದವರಿಗೆ ಅದು ಐದು ಅಂಕದ ಪ್ರಶ್ನೆ. ನಮ್ಮ ಜಿಲ್ಲೆಯವರು ಅದನ್ನು ಅಷ್ಟು ಹಗುರವಾಗಿ ಓದಲಾರರು.

ಈಗ ಕೇರಳವೋ ಕರ್ನಾಟಕವೋ ಎಂಬ ಪ್ರಶ್ನೆ. ಎಲ್ಲರೂ ಕಾಲೇಜಿನ ಹೆಸರು ನೋಡಿ ತೀರ್ಮಾನಿಸುತ್ತಾರೆ. ನನ್ನ ಅಭಿಪ್ರಾಯ ಬೇರೆ. ಮುಂದೆ ಯಾವ ರಾಜ್ಯದಲ್ಲಿ ಕೆಲಸ ಮಾಡಬೇಕೆಂದಿದ್ದೀರಿ ಎನ್ನುವುದನ್ನು ಮೊದಲು ಯೋಚಿಸಿ, ಕಾಲೇಜು ಆಮೇಲೆ. ಕೃಷಿ ರಾಜ್ಯಗಳ ವಿಷಯ. ಇಲಾಖೆ, ಪರೀಕ್ಷೆ, ಆಡಳಿತದ ಭಾಷೆ, ಕೊನೆಗೆ ಪಾಠದಲ್ಲಿ ಬರುವ ಬೆಳೆ ಕೂಡ ರಾಜ್ಯಕ್ಕೆ ತಕ್ಕಂತೆ ಬದಲಾಗುತ್ತದೆ.

ಕೇರಳದಲ್ಲಿ ಇರುವುದು ಒಂದೇ ಕೃಷಿ ವಿಶ್ವವಿದ್ಯಾಲಯ, ತೃಶ್ಶೂರಿನ ವೆಳ್ಳಾನಿಕ್ಕರದಲ್ಲಿ. ಅದರ ಕಾಲೇಜೊಂದು ನಿಮ್ಮ ಜಿಲ್ಲೆಯಲ್ಲೇ ಇದೆ. ನೀಲೇಶ್ವರದ ಹತ್ತಿರದ ಪಡನ್ನಕ್ಕಾಡಿನಲ್ಲಿ 1994ರಲ್ಲಿ ಶುರುವಾದದ್ದು. ದಕ್ಷಿಣದಲ್ಲಿ ವೆಳ್ಳಾಯಣಿಯದು ಹಳೆಯ ಕಾಲೇಜು, ವಯನಾಡಿನ ಅಂಬಲವಯಲಿನಲ್ಲಿ ಇನ್ನೊಂದಿದೆ. ಇವಕ್ಕೆ ಸೇರಲು ನೀಟ್ ಬರೆಯಬೇಕು. ಜೊತೆಗೆ, ಅನೇಕರು ಎಡವುವುದು ಇಲ್ಲಿಯೇ, ಕೇರಳದ ಪ್ರವೇಶ ಪರೀಕ್ಷಾ ಆಯುಕ್ತರಿಗೆ ಕೀಮ್ ಅರ್ಜಿಯನ್ನೂ ಹಾಕಿರಬೇಕು. ಕೀಮ್ ಪರೀಕ್ಷೆ ಬರೆಯಬೇಕಾಗಿಲ್ಲ, ಅರ್ಜಿ ಸಾಕು. ಆದರೆ ಆ ಅರ್ಜಿಯ ಕೊನೆಯ ದಿನ ನೀಟ್ ಫಲಿತಾಂಶಕ್ಕಿಂತ ಎಷ್ಟೋ ಮೊದಲು ಮುಗಿದಿರುತ್ತದೆ. ನೀಟ್‌ನಲ್ಲಿ ಒಳ್ಳೆಯ ಅಂಕ ಬಂದ ಮೇಲೆ ‘ಅಗ್ರಿಗೆ ಹೋಗೋಣ’ ಎಂದು ಹೊರಟು, ಕೀಮ್ ಅರ್ಜಿಯೇ ಇಲ್ಲದೆ ಕೈಕಟ್ಟಿ ಕುಳಿತ ಮಕ್ಕಳು ಪ್ರತಿ ವರ್ಷ ಸಿಗುತ್ತಾರೆ.

ನೀಟ್‌ನ 720 ಅಂಕಗಳಲ್ಲಿ ಜೀವಶಾಸ್ತ್ರಕ್ಕೇ 360. ನಿಮಗೆ ಆ ವಿಷಯ ಇಷ್ಟವಾದರೆ ಅರ್ಧ ಹೊಳೆ ದಾಟಿದಂತೆ. ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಇರುತ್ತದೆ, ಆದರೆ ಸಿಗುವುದು ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ. ಕನ್ನಡ ಬೇಕಾದರೆ ಮಂಗಳೂರನ್ನು ಕೇಂದ್ರವಾಗಿ ಆರಿಸಿಕೊಳ್ಳಿ. ಆದರೆ ಪ್ಲಸ್ ಟುವಿನಲ್ಲಿ ಇಂಗ್ಲಿಷ್ ಪುಸ್ತಕವನ್ನೇ ಓದಿದ್ದರೆ ಇಂಗ್ಲಿಷಿನಲ್ಲೇ ಬರೆಯುವುದು ಒಳಿತು. ಅನುವಾದದ ಪಾರಿಭಾಷಿಕ ಪದಗಳನ್ನು ಬಿಡಿಸುತ್ತಾ ಕೂರಲು ಆ ಮೂರು ಗಂಟೆಯಲ್ಲಿ ಪುರುಸೊತ್ತಿಲ್ಲ.

ಕರ್ನಾಟಕದ ಬಾಗಿಲು ನಿಮಗೆ ಮುಚ್ಚಿಲ್ಲ ಎನ್ನುವುದು ಎಷ್ಟೋ ಮನೆಗಳಿಗೆ ಗೊತ್ತೇ ಇಲ್ಲ. ಅಲ್ಲಿನ ಸಿಇಟಿಯಲ್ಲಿ ಗಡಿನಾಡ ಕನ್ನಡಿಗರಿಗೆಂದೇ ಒಂದು ಅರ್ಹತಾ ಕಲಮು ಇದೆ. ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳಲ್ಲಿ ವಾಸವಿದ್ದು, ಅಲ್ಲೇ ಓದಿದ, ಕನ್ನಡ, ತುಳು ಅಥವಾ ಕೊಡವ ಮಾತೃಭಾಷೆಯ ಮಕ್ಕಳು ಸರ್ಕಾರಿ ಸೀಟಿಗೆ ಅರ್ಜಿ ಹಾಕಬಹುದು. ಪರೀಕ್ಷಾ ಪ್ರಾಧಿಕಾರ ನಡೆಸುವ ಕನ್ನಡ ಭಾಷಾ ಪರೀಕ್ಷೆಯಲ್ಲಿ ಪಾಸಾಗಬೇಕು. ಹತ್ತರವರೆಗೆ ಕನ್ನಡದಲ್ಲಿ ಓದಿದ ನಿಮಗೆ ಅದು ಏನೂ ಅಲ್ಲ. ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ತಾಲೂಕುಗಳಿಗೂ ಇದೇ ಕಲಮು ಅನ್ವಯಿಸುತ್ತದೆ, ಅಲ್ಲಿಂದ ಓದುತ್ತಿರುವವರು ಗಮನಿಸಿ. ಕರ್ನಾಟಕದಲ್ಲಿ ಕೃಷಿಕರ ಮಕ್ಕಳಿಗೆಂದು ಬೇರೆ ಕೋಟಾ ಇದೆ. ಅದಕ್ಕೆ ಬೀಜ, ಕೀಟ, ಕಳೆ, ಸಲಕರಣೆ ಗುರುತಿಸುವ ಪ್ರಾಯೋಗಿಕ ಪರೀಕ್ಷೆಯೂ ಉಂಟು. ಅದರ ಷರತ್ತುಗಳನ್ನು ಆ ವರ್ಷದ ಕೈಪಿಡಿಯಲ್ಲಿ ಒಂದೊಂದಾಗಿ ಓದದೆ, ತೋಟ ಇದೆ ಎಂಬ ಒಂದೇ ಧೈರ್ಯದ ಮೇಲೆ ಅದನ್ನು ನೆಚ್ಚಿಕೊಳ್ಳಬೇಡಿ.

ಕರ್ನಾಟಕಕ್ಕೆ ಹೋಗುವುದಾದರೆ ಇನ್ನೊಂದು ಸೂಕ್ಷ್ಮ ತಿಳಿದಿರಲಿ. ಕೇರಳದಲ್ಲಿ ಭತ್ತ, ತೆಂಗು, ಅಡಿಕೆ, ತರಕಾರಿ ಎಲ್ಲವೂ ಒಂದೇ ಕೃಷಿ ಇಲಾಖೆಯ ಕೆಳಗೆ. ಕರ್ನಾಟಕದಲ್ಲಿ ತೋಟಗಾರಿಕೆ ಇಲಾಖೆ ಬೇರೆಯೇ ಇದೆ, ಅಡಿಕೆ-ತೆಂಗು-ಮೆಣಸು ಬರುವುದು ಅದರ ಪಾಲಿಗೆ. ಅಂದರೆ ಅಡಿಕೆಯ ಜೊತೆಗೇ ಬದುಕು ಕಟ್ಟಬೇಕೆಂದಿದ್ದರೆ ಅಲ್ಲಿ ಬಿಎಸ್ಸಿ ಅಗ್ರಿಗಿಂತ ಬಿಎಸ್ಸಿ ತೋಟಗಾರಿಕೆ ಹೆಚ್ಚು ಹೊಂದುತ್ತದೆ. ಶಿವಮೊಗ್ಗದ ಕೆಳದಿ ಶಿವಪ್ಪ ನಾಯಕ ವಿಶ್ವವಿದ್ಯಾಲಯದಲ್ಲಿ ಎರಡೂ ಇವೆ, ಮೂಡಿಗೆರೆಯ ತೋಟಗಾರಿಕೆ ಕಾಲೇಜು ಅದರದೇ. ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದ ಕಾಲೇಜು ಶಿರಸಿಯಲ್ಲಿದೆ. ಹವೆ, ಬೆಳೆ, ರೋಗ ಎಲ್ಲವೂ ನಿಮ್ಮ ಮನೆಯ ಹಿತ್ತಿಲಿನದ್ದೇ. ಬೆಂಗಳೂರು, ಧಾರವಾಡ, ರಾಯಚೂರಿನ ವಿಶ್ವವಿದ್ಯಾಲಯಗಳ ಹೆಸರು ದೊಡ್ಡದು, ಸಂಶೋಧನೆಗೆ ಹೋಗುವವರಿಗೆ ಅವು ಒಳ್ಳೆಯ ಮೆಟ್ಟಿಲು. ಆದರೆ ರಾಗಿ, ತೊಗರಿ, ಜೋಳದ ಹೊಲದಲ್ಲಿ ನಾಲ್ಕು ವರ್ಷ ಕಳೆಯಲು ಮನಸ್ಸು ಸಿದ್ಧವಿರಬೇಕು.

ಮೂರನೆಯ ದಾರಿ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆಯಾದ ಸಿಯುಇಟಿ. ಭಾರತೀಯ ಕೃಷಿ ಸಂಶೋಧನಾ ಪರಿಷತ್ತು, ಅಂದರೆ ಐಸಿಎಆರ್, ದೇಶದ ಕೃಷಿ ವಿಶ್ವವಿದ್ಯಾಲಯಗಳ ಒಂದು ಪಾಲು ಸೀಟುಗಳನ್ನು ಈ ಪರೀಕ್ಷೆಯ ಮೂಲಕ ತುಂಬುತ್ತದೆ. ಹೀಗೆ ಸ್ವಂತ ರಾಜ್ಯ ಬಿಟ್ಟು ಓದುವವರಿಗೆ ಮಾಸಿಕ ವಿದ್ಯಾರ್ಥಿವೇತನವೂ ಉಂಟು. ಮನೆಯಿಂದ ದೂರ ಕಳುಹಿಸಲು ಅಪ್ಪ-ಅಮ್ಮ ಒಪ್ಪುವುದಾದರೆ ಇದನ್ನೂ ಬರೆಯಿರಿ.

ನಿಮ್ಮ ಜಾಗದಲ್ಲಿ ನಾನಿದ್ದರೆ? ಮೂರಕ್ಕೂ ಅರ್ಜಿ ಹಾಕಿ, ಪಡನ್ನಕ್ಕಾಡು ಸಿಕ್ಕಿದರೆ ಕಣ್ಣುಮುಚ್ಚಿ ಸೇರುತ್ತಿದ್ದೆ. ಮನೆ ಹತ್ತಿರ ಎನ್ನುವುದು ಒಂದು ಕಾರಣ, ದೊಡ್ಡ ಕಾರಣ ಭಾಷೆ. ಕೃಷಿ ಭವನ ಎಂಬ ಏರ್ಪಾಡು ಕೇರಳದಲ್ಲಿ ಬಂದದ್ದು 1987ರಲ್ಲಿ, ಪಂಚಾಯತಿಗೊಂದರಂತೆ. ಅಲ್ಲಿನ ಕೃಷಿ ಅಧಿಕಾರಿಯ ಹುದ್ದೆಗೆ ಕೃಷಿ ಪದವಿಯೇ ಅರ್ಹತೆ, ಆಯ್ಕೆ ಕೇರಳ ಪಿಎಸ್‌ಸಿಯಿಂದ. ತೆಂಕಣ ಜಿಲ್ಲೆಗಳಿಂದ ಬಂದ ಅಧಿಕಾರಿಗಳು ಒಳ್ಳೆಯವರೇ, ಕಲಿತವರೇ. ಆದರೆ ಪೈವಳಿಕೆಯ ಅಜ್ಜ ತುಳುವಿನಲ್ಲಿ ಹೇಳಿದ ರೋಗಲಕ್ಷಣ ಅವರಿಗೆ ಅರ್ಧ ಮಾತ್ರ ಗೊತ್ತಾಗುತ್ತದೆ. ಊರಿನ ಮಾತು ಹಿಡಿತಕ್ಕೆ ಬರುವ ಹೊತ್ತಿಗೆ ಎಷ್ಟೋ ಸಲ ವರ್ಗಾವಣೆಯ ಆದೇಶವೂ ಬಂದಿರುತ್ತದೆ. ಕನ್ನಡ, ತುಳು, ಮಲಯಾಳ ಮೂರೂ ಬರುವ ಕೃಷಿ ಪದವೀಧರೆ ಈ ಜಿಲ್ಲೆಯ ಬಡಗು ಭಾಗಕ್ಕೆ ಎಷ್ಟು ಬೇಕಾಗಿದ್ದಾಳೆ ಎನ್ನುವುದು ಸರತಿಯಲ್ಲಿ ನಿಂತ ರೈತರನ್ನು ಕೇಳಿದರೆ ತಿಳಿದೀತು. ಅದಕ್ಕೆ ನೀವು ಮಲಯಾಳವನ್ನು ಓದಿ ಬರೆಯುವಷ್ಟು ಕಲಿಯಲೇಬೇಕು. ಮಾತಾಡಲು ಬಂದರೆ ಸಾಲದು, ಕಡತವೆಲ್ಲ ಆ ಲಿಪಿಯಲ್ಲೇ ಇರುವುದು. ಪಡನ್ನಕ್ಕಾಡಿನ ಹಾಸ್ಟೆಲಿನಲ್ಲಿ ನಾಲ್ಕು ವರ್ಷ ಇದ್ದರೆ ಅದು ತಾನಾಗಿ ಬರುತ್ತದೆ.

ಕೆಲಸ ಸಿಗುತ್ತದಾ ಎಂದಿರಿ. ಸಿಗುತ್ತದೆ, ಪದವಿಯ ಮರುದಿನವೇ ಅಲ್ಲ. ಸರ್ಕಾರಿ ಹುದ್ದೆಗೆ ಪ್ರಕಟಣೆ ಯಾವಾಗ ಬಂದೀತೆಂದು ಯಾರೂ ಹೇಳಲಾರರು. ಕರ್ನಾಟಕ ಲೋಕಸೇವಾ ಆಯೋಗ 2024ರಲ್ಲಿ ಕೃಷಿ ಅಧಿಕಾರಿ ಮತ್ತು ಸಹಾಯಕ ಕೃಷಿ ಅಧಿಕಾರಿಯ 945 ಹುದ್ದೆಗಳಿಗೆ ಅರ್ಜಿ ಕರೆದಾಗ, ಆ ಒಂದು ಪ್ರಕಟಣೆಗಾಗಿ ವರ್ಷಗಟ್ಟಲೆ ಕೋಚಿಂಗ್ ಸೆಂಟರುಗಳಲ್ಲಿ ಕುಳಿತವರಿದ್ದರು. ಆದ್ದರಿಂದ ಪಿಎಸ್‌ಸಿಯೊಂದನ್ನೇ ನಂಬಿ ಕೂರಬೇಡಿ. ಪ್ರತಿ ವರ್ಷ ಬರುವ ಪರೀಕ್ಷೆಯೊಂದಿದೆ. ಬ್ಯಾಂಕ್ ನೇಮಕಾತಿ ಪರೀಕ್ಷೆ ನಡೆಸುವ ಐಬಿಪಿಎಸ್ ಸರ್ಕಾರಿ ಬ್ಯಾಂಕುಗಳಿಗಾಗಿ ಅಗ್ರಿಕಲ್ಚರಲ್ ಫೀಲ್ಡ್ ಆಫೀಸರುಗಳನ್ನು ಆರಿಸುತ್ತದೆ, ವಯಸ್ಸು 20ರಿಂದ 30. ಕೃಷಿ ಪದವೀಧರರಿಗೆ ಸದ್ಯಕ್ಕೆ ಇದಕ್ಕಿಂತ ನೇರವಾದ ದಾರಿ ಇಲ್ಲ. ಸಂಬಳ ಚೆನ್ನಾಗಿದೆ, ಹುದ್ದೆ ಅಧಿಕಾರಿಯದು. ಆದರೆ ಮೊದಲ ಪೋಸ್ಟಿಂಗ್ ಬಿಹಾರದ ಹಳ್ಳಿಯಲ್ಲೂ ಆಗಬಹುದು, ಕೆಲಸದಲ್ಲಿ ಬೆಳೆಗಿಂತ ಸಾಲ ವಸೂಲಿಯೇ ಹೆಚ್ಚು. ಕೃಷಿ-ಗ್ರಾಮೀಣ ಸಾಲದ ರಾಷ್ಟ್ರೀಯ ಬ್ಯಾಂಕಾದ ನಬಾರ್ಡಿನ ಗ್ರೇಡ್ ಎ ಅಧಿಕಾರಿ ಹುದ್ದೆ ಅದಕ್ಕಿಂತ ಮೇಲಿನದು, ಕಷ್ಟವೂ ಹೆಚ್ಚು.

ಸಂಶೋಧನೆ ಇಷ್ಟವಾದರೆ ಬಿಎಸ್ಸಿಗೆ ನಿಲ್ಲಬಾರದು. ವಿಜ್ಞಾನಿಯಾಗಲು ಕನಿಷ್ಠ ಸ್ನಾತಕೋತ್ತರ ಪದವಿ ಬೇಕು, ಆಮೇಲೆ ಕೃಷಿ ವಿಜ್ಞಾನಿಗಳ ನೇಮಕಾತಿ ಮಂಡಳಿಯ ಎಆರ್‌ಎಸ್ ಪರೀಕ್ಷೆ ಬರೆಯಬೇಕು. ಈ ಹಾದಿ ಹಿಡಿದವರು ಕೊನೆಗೆ ತಲುಪುವ ಜಾಗಗಳಲ್ಲಿ ಒಂದು ನಿಮ್ಮ ಮನೆಯಿಂದ ಬಸ್ಸಿನ ದೂರದಲ್ಲಿದೆ. ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾದ ಕೂಡ್ಲಿನ ಸಿಪಿಸಿಆರ್‌ಐ 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಹುಟ್ಟಿತು, 1970ರಲ್ಲಿ ಕೇಂದ್ರೀಯ ಸಂಸ್ಥೆಯಾಯಿತು. ವಿಟ್ಲದಲ್ಲಿ ಅದರ ಅಡಿಕೆ ವಿಭಾಗವಿದೆ. ಮಂಗಳ, ಸುಮಂಗಳ ತಳಿಗಳು ನಿಮ್ಮ ತೋಟದಲ್ಲೂ ಇರಬಹುದು, ಬಂದದ್ದು ಅಲ್ಲಿಂದಲೇ. ಪ್ಲಸ್ ಟು ಪರೀಕ್ಷೆ ಮುಗಿದ ಮೇಲೆ ಒಂದು ದಿನ ಕೂಡ್ಲಿನ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ಬನ್ನಿ. ಅಪ್ಪನನ್ನೂ ಕರೆದುಕೊಂಡು ಹೋಗಿ. ನೀರಾ ತಂಪಾಗಿ ಇಳಿಸಿ ಕಲ್ಪರಸ ಮಾಡುವುದನ್ನು ಅವರು ನೋಡುತ್ತಾ ನಿಂತರೆ ನಿಮಗೆ ಮಾತಾಡುವ ಕೆಲಸವೇ ಇರುವುದಿಲ್ಲ.

ಖಾಸಗಿ ಕಂಪನಿಗಳ ಬಗ್ಗೆ ಸಕ್ಕರೆ ಸವರಿ ಹೇಳುವುದಿಲ್ಲ. ಬೀಜ, ಗೊಬ್ಬರ, ಕೀಟನಾಶಕ ಕಂಪನಿಗಳು ಹೊಸ ಪದವೀಧರರನ್ನು ಹೆಚ್ಚಾಗಿ ತೆಗೆದುಕೊಳ್ಳುವುದು ಮಾರಾಟಕ್ಕೆ. ಬೈಕು, ಮೂರು ತಾಲೂಕು, ತಿಂಗಳ ಕೊನೆಗೆ ಟಾರ್ಗೆಟ್. ಹುಡುಗಿಯರನ್ನು ಈ ಕೆಲಸಕ್ಕೆ ತೆಗೆದುಕೊಳ್ಳಲು ಕೆಲವರು ಇನ್ನೂ ಹಿಂಜರಿಯುತ್ತಾರೆ, ಕೃಷಿ ತರಗತಿಗಳಲ್ಲಿ ಈಗ ಹುಡುಗಿಯರೇ ತುಂಬಿದ್ದರೂ. ಅಂಗಾಂಶ ಕೃಷಿ ಪ್ರಯೋಗಾಲಯ, ನರ್ಸರಿ, ಸಾಂಬಾರ ಪದಾರ್ಥಗಳ ಗುಣಮಟ್ಟ ಪರೀಕ್ಷೆ, ಕಾಫಿ-ಚಹಾ ಎಸ್ಟೇಟುಗಳ ಆಡಳಿತ, ಇವುಗಳಲ್ಲಿ ಮೊದಲ ಸಂಬಳ ಕಡಿಮೆಯಾದರೂ ಕಲಿಯುವುದು ಹೆಚ್ಚು.

ಇನ್ನು, ಸ್ವಂತದ್ದು. ಕೇಂದ್ರ ಸರ್ಕಾರ 2002ರಲ್ಲಿ ತಂದ ಅಗ್ರಿ ಕ್ಲಿನಿಕ್ ಯೋಜನೆಯಲ್ಲಿ ಕೃಷಿ ಪದವೀಧರರಿಗೆ 45 ದಿನಗಳ ಉಚಿತ ತರಬೇತಿ ಇದೆ. ಒಬ್ಬರಿಗೆ 20 ಲಕ್ಷದವರೆಗಿನ ಸಾಲದ ಯೋಜನೆಗೆ 36 ಶೇಕಡಾ ಸಬ್ಸಿಡಿ, ಹೆಂಗಸರಿಗೆ 44. ನಮ್ಮ ಕಡೆ ಇದನ್ನು ಬಳಸಿಕೊಂಡವರು ಕಡಿಮೆ ಎಂದು ನನಗೆ ಬೇಸರವಿದೆ. ಮರ ಹತ್ತುವವರು ಸಿಗದೆ ತೋಟಗಳು ಹೇಗೆ ಒದ್ದಾಡುತ್ತಿವೆ ಎಂದು ನಿಮಗೆ ಗೊತ್ತು. ಕಾರ್ಬನ್ ಫೈಬರ್ ದೋಟಿ ಹಿಡಿದು ನೆಲದಿಂದಲೇ ಮದ್ದು ಬಿಡುವ, ಕೊಯ್ಯುವ ನಾಲ್ಕು ಜನರ ತಂಡ, ಜೊತೆಗೆ ಮಣ್ಣು ಪರೀಕ್ಷೆ, ಮೆಣಸಿನ ಕಸಿ ಗಿಡದ ನರ್ಸರಿ. ಇಷ್ಟನ್ನು ಬದಿಯಡ್ಕ ಪೇಟೆಯಲ್ಲಿ ಕೃಷಿ ಓದಿದವರೊಬ್ಬರು ನಡೆಸಿದರೆ ಫೋನು ಕೆಳಗಿಡಲು ಬಿಡುವು ಸಿಗಲಾರದು. ಕೊನೆಗೆ ತೋಟಕ್ಕೇ ಬರುವುದಾದರೂ ಎರಡು ಎಕರೆಯ ಒಳಗೇ ಇರಬೇಕೆಂದಿಲ್ಲ ಎಂದು ಅಪ್ಪನಿಗೆ ಹೇಳಬಹುದು.

ಎಂಟ್ರೆನ್ಸ್ ಇಲ್ಲದ ಸೀಟಿನ ಮಾತಿಗೆ ಬರೋಣ. ಬಂದವರ ಹತ್ತಿರ ಎರಡೇ ಪ್ರಶ್ನೆ ಕೇಳಿ. ಕಾಲೇಜಿಗೆ ಐಸಿಎಆರ್ ಮಾನ್ಯತೆ ಇದೆಯೇ? ಕಾಲೇಜಿನ ಸ್ವಂತ ಹೊಲ ಎಷ್ಟು ಎಕರೆ? ಮೊದಲನೆಯದಕ್ಕೆ ‘ಯುಜಿಸಿ ಉಂಟಲ್ಲ’ ಎಂಬ ಉತ್ತರ ಬಂದರೆ ಚಹಾ ಕೊಟ್ಟು ಕಳುಹಿಸಿ. ಯುಜಿಸಿ ಒಟ್ಟಾರೆ ವಿಶ್ವವಿದ್ಯಾಲಯಗಳನ್ನು ನೋಡುವ ಆಯೋಗ, ಕೃಷಿ ಶಿಕ್ಷಣದ ಮಾನ್ಯತೆ ಕೊಡುವ ಐಸಿಎಆರ್ ಬೇರೆ. ಆ ಮಾನ್ಯತೆ ಇಲ್ಲದ ಪದವಿ ಹಿಡಿದು ಸ್ನಾತಕೋತ್ತರ ಪ್ರವೇಶಕ್ಕೆ, ನೇಮಕಾತಿಗೆ ಹೋದಾಗ ತೊಡಕು ಶುರುವಾಗುತ್ತದೆ. ಅಷ್ಟು ಹೊತ್ತಿಗೆ ನಾಲ್ಕು ವರ್ಷವೂ ಹೋಗಿರುತ್ತದೆ, ಎರಡು ಅಡಿಕೆ ಕೊಯ್ಲಿನ ಹಣವೂ ಹೋಗಿರುತ್ತದೆ. ಮಾನ್ಯತೆ ಪಡೆದ ಸಂಸ್ಥೆಗಳ ಪಟ್ಟಿ ಐಸಿಎಆರ್‌ನ ಜಾಲತಾಣದಲ್ಲೇ ಇದೆ. ಹೊಲದ ಪ್ರಶ್ನೆ ಯಾಕೆಂದರೆ, ಕೃಷಿ ಪದವಿಯಲ್ಲಿ ಪ್ರಾಯೋಗಿಕ ತರಗತಿ ಅರ್ಧದಷ್ಟು. ಕೊನೆಯ ವರ್ಷದಲ್ಲಿ ಹಳ್ಳಿಯಲ್ಲಿ ಉಳಿದು ರೈತರ ಜೊತೆ ಕೆಲಸ ಮಾಡುವ ಒಂದು ಸೆಮಿಸ್ಟರೇ ಇದೆ. ಕಟ್ಟಡ ಮಾತ್ರ ಇರುವ ಕಾಲೇಜಿನಲ್ಲಿ ಇದನ್ನೆಲ್ಲ ಫೋಟೋದಲ್ಲಿ ಮುಗಿಸುತ್ತಾರೆ.

ಇಂಗ್ಲಿಷಿನ ಭಯಕ್ಕೆ ಹೆಚ್ಚು ಹೇಳುವುದಿಲ್ಲ. ಮೊದಲ ಸೆಮಿಸ್ಟರ್ ಕಷ್ಟ, ಎರಡನೆಯದು ಅಷ್ಟಿಲ್ಲ. ಕೀಟ-ರೋಗಗಳ ಹೆಸರುಗಳು ಲ್ಯಾಟಿನ್, ಅವು ಇಂಗ್ಲಿಷ್ ಮಾಧ್ಯಮದವರಿಗೂ ಹೊಸವೇ. ಒಂದು ಕಡೆ ಫೈಟಾಫ್ತೋರಾ ಎಂದು, ಅದರ ಎದುರಿಗೆ ಕೊಳೆರೋಗ ಎಂದು ಬರೆದಿಟ್ಟ ನೋಟ್‌ಬುಕ್ ಒಂದಿದ್ದರೆ ಮುಂದೆ ಕೃಷಿ ಭವನದಲ್ಲೂ ಬೇಕಾಗುತ್ತದೆ.

ಸದ್ಯಕ್ಕೆ ಮಾಡಬೇಕಾದ್ದು ಕಾಗದಪತ್ರ. ವಿಲೇಜ್ ಆಫೀಸಿನಿಂದ ನೇಟಿವಿಟಿ, ಮೀಸಲಾತಿ ಇದ್ದರೆ ಜಾತಿ ಮತ್ತು ಆದಾಯದ ಸರ್ಟಿಫಿಕೇಟು, ಹೆಡ್ಮಾಸ್ಟರರಿಂದ ಯಾವ ತರಗತಿಯಿಂದ ಯಾವ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದೀರಿ ಎಂಬ ಬರಹ. ಎಲ್ಲ ಕಾಗದಗಳಲ್ಲೂ ಹೆಸರಿನ ಅಕ್ಷರ, ಇನಿಶಿಯಲ್ ಒಂದೇ ರೀತಿ ಇದೆಯೇ ನೋಡಿ. ಕನ್ನಡದಿಂದ ಮಲಯಾಳಕ್ಕೆ, ಅಲ್ಲಿಂದ ಇಂಗ್ಲಿಷಿಗೆ ಹೋಗುವಾಗ ನಮ್ಮ ಹೆಸರುಗಳು ಮೂರು ವೇಷ ಹಾಕುತ್ತವೆ, ಕೌನ್ಸೆಲಿಂಗ್ ದಿನ ಅದೇ ತಲೆನೋವು. ಮಾರ್ಚ್ ಬಂದರೆ ಆನ್‌ಲೈನ್ ಅರ್ಜಿ ಹಾಕಿಕೊಡುವ ಅಕ್ಷಯ ಕೇಂದ್ರದಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಕ್ರಿಸ್‌ಮಸ್ ರಜೆಯಲ್ಲೇ ಹೋಗಿ ಮಾಡಿಸಿ ಇಟ್ಟುಕೊಳ್ಳಿ.